ತದಡಿಯ ನಲವತ್ತು ಸೆಕೆಂಡು

ಬೈತಖೋಲದ ಕಚೇರಿ, ಎರಡನೇ ಮಹಡಿ. ಕಿಟಕಿ ತೆರೆದರೆ
ಒಣಗಿದ ಸೆಟ್ಲಿಯ ನಾತ, ಮುಚ್ಚಿದರೆ ಸರ್ವರಿನ ಬಿಸಿ.
ನಾನು ಮುಚ್ಚಿಯೇ ಕೂತವಳು.

ಇಲ್ಲಿಂದ ಕಾಣದ ಐದು ಕಂಪ್ಯೂಟರು ನನ್ನವು:
ಮಾಜಾಳಿ, ಬೇಲೇಕೇರಿ, ತದಡಿ, ಕಾಸರಕೋಡ, ಅಳ್ವೇಕೋಡಿ.
ದಕ್ಕೆಯ ಮೂಲೆಯಲ್ಲಿ, ಉಪ್ಪುಗಾಳಿಗೆ ಗೋಣಿಚೀಲ ಹೊದ್ದು
ಬುಟ್ಟಿ ತೂಗಿದಂತೆಲ್ಲ ಚೀಟಿ ಉಗುಳುತ್ತವೆ.

ತದಡಿಯದು ದಿನಾ ಬೆಳಗಿನ ಜಾವ ಒಮ್ಮೆ ಉಸಿರು ಹಿಡಿಯುತ್ತಿತ್ತು.
ನಲವತ್ತು ಸೆಕೆಂಡು. ಹೆಚ್ಚೇನಲ್ಲ.
ಆದರೆ ಬಂಗಡೆಯ ಮೇಲೆ ಐಸು ಕರಗುವ ಹೊತ್ತು,
ಸಾಲಿನಲ್ಲಿ ನಿಂತ ಹೆಂಗಸರಿಗೆ ನಲವತ್ತು ಸೆಕೆಂಡೆಂದರೆ
ಏಳು ತಲೆಮಾರಿಗೆ ಸಾಕಾಗುವಷ್ಟು ಬೈಗುಳ.

ಹೋಗಿ ನೋಡಲು ಎರಡು ಬಸ್ಸು; ಹೋದ ದಿನ ಅದು ಕೆಡುವುದಿಲ್ಲ.
ಕೂತಲ್ಲಿಂದಲೇ ಜಾಡು ತೆಗೆಯಲು ಹೊರಟೆ:
ಯಾವ ಕಡತ ತೆರೆದೆ, ಯಾರಿಗಾಗಿ ಕಾದೆ, ಎಷ್ಟು ಕಾದೆ,
ಎಲ್ಲ ಬರೆದು ಕಳಿಸು ಎಂದೆ. ವಿಧೇಯ ಯಂತ್ರ,
ಎಲ್ಲವನ್ನೂ ಬರೆಯಿತು. ಬರೆದದ್ದನ್ನೂ ಬರೆಯಿತು.
ಸಪೂರ ತಂತಿ ತುಂಬಿ ಮರುದಿನ ನಿಂತದ್ದು ಮೂರು ನಿಮಿಷ.

ದುರ್ಗಯ್ಯ ಹರಿಕಂತ್ರರ ಫೋನು:
"ಬಾಯೋರೇ, ನೀವು ನೋಡೂಕೆ ಹತ್ತಿದ್ಮೇಲೇಯ
ಇದು ಹೆಚ್ಚು ನಿಧಾನ ಆಗಿದ್ದು."
ಹೌದು. ನೋಡುವ ಕಣ್ಣನ್ನೂ
ಆ ತಕ್ಕಡಿಯ ಮೇಲೇ ಇಟ್ಟಿದ್ದೆ ನಾನು.

ಕಡಿಮೆ ಕೇಳಿದೆ. ಕಾದದ್ದನ್ನಷ್ಟೇ ಬರೆ, ಅಲ್ಲೇ ಇಟ್ಟುಕೋ,
ದಕ್ಕೆ ಖಾಲಿಯಾದ ಮೇಲೆ, ಮಧ್ಯಾಹ್ನ, ಕಳಿಸು.
ಇಳಿತ ನೋಡಿ ಬಳಚು ಹೆಕ್ಕಲು ಇಳಿಯುವವರಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.

ಜಾಲ ಎನ್ನುತ್ತಾರೆ ಇದಕ್ಕೆ. ರಂಪಣಿ ಎಳೆದ ಮನೆಯವಳು, ನಗು ಬರುತ್ತದೆ:
ಬಲೆಗೆ ಬಿದ್ದದ್ದು ಕಡಲಲ್ಲಿ ಉಳಿಯುವುದಿಲ್ಲ.
ಇಲ್ಲಿ ಎಲ್ಲ ಅಲ್ಲೇ ಇರುತ್ತದೆ,
ದಡಕ್ಕೆ ಬರುವುದು ಅದು ಹೊರಳಿದ ಗುರುತಷ್ಟೇ.

ಗುರುತಿನಲ್ಲೂ ತೂತು. 'ಕಳೆದುಹೋದ ದಾಖಲೆ: ೩೧೨.'
ಏನು ಕಳೆಯಿತೋ ಗೊತ್ತಿಲ್ಲ, ಎಷ್ಟೆಂಬ ಲೆಕ್ಕ ಪಕ್ಕಾ.
ಗಡಿಯಾರಕ್ಕೆ ಗಡಿಯಾರ ಕೂಡುವುದಿಲ್ಲ.
ಕಾಸರಕೋಡ ಹನ್ನೊಂದು ಸೆಕೆಂಡು ಹಿಂದೆ, ತದಡಿ ಆರು ನಿಮಿಷ ಮುಂದೆ;
ಜೋಡಿಸಿ ಓದಿದರೆ ನಮ್ಮ ಕಾರವಾರದ ಸರ್ವರು
ಕೇಳುವ ಮೊದಲೇ ಉತ್ತರ ಕೊಟ್ಟಿತ್ತು,
ನಮ್ಮ ಅತ್ತೆಯ ಹಾಗೆ.

ಆರು ನಿಮಿಷ ಕಳೆದು, ಸಾಲು ಸರಿಪಡಿಸಿ, ಶುಕ್ರವಾರ ರಾತ್ರಿ
ಊಟದ ಡಬ್ಬಿ ತೆರೆಯದೆ ಓದಿದೆ:
ಐದೂ ಹತ್ತಕ್ಕೆ ಯಾರೋ ಒಂದು ಬೋಟಿನ ನಂಬರು ಒತ್ತುತ್ತಾರೆ.
ಯಂತ್ರ ತನ್ನೊಳಗೆ ಹುಡುಕುತ್ತದೆ. ಇಲ್ಲ.
ಕಾರವಾರಕ್ಕೆ ಕೇಳುತ್ತದೆ. ಇಲ್ಲ.
ಮಂಗಳೂರಿಗೆ ಕೇಳುತ್ತದೆ, ಕಾಯುತ್ತದೆ, ಮತ್ತೆ ಕೇಳುತ್ತದೆ,
ಮೂರನೇ ಸಲಕ್ಕೆ ಕೈಬಿಡುತ್ತದೆ.
ಮರುದಿನ ಅದೇ ನಂಬರು. ಅದರ ಮರುದಿನ.
ಹರಾಜಿಲ್ಲದ ದಿನವೂ.

ಕಪಾಟಿನ ಹಳೇ ರಿಜಿಸ್ಟರು ತೆಗೆದೆ.
'ಮಹಾಸತಿ ಕೃಪಾ', ತದಡಿ, ನಾಲ್ಕು ಜನ.
ಮೇಲೊಂದು ಕೆಂಪು ಗೆರೆ, ಹೋದ ವರ್ಷದ ಆಗಸ್ಟು,
ಷರಾ ಕಾಲಮಿನಲ್ಲಿ ಒಂದೇ ಶಬ್ದ: ರದ್ದು.

ಬೆಳಿಗ್ಗೆ ಐದಕ್ಕೆ ಅಲ್ಲಿ ಬೀಗ ತೆರೆಯುವವರು ಒಬ್ಬರೇ.
ಫೋನು ಕೈಗೆತ್ತಿಕೊಂಡೆ. ಇಟ್ಟೆ.

'ಇಲ್ಲ' ಎಂದು ತಕ್ಷಣ ಹೇಳಿಸಬಹುದಿತ್ತು. ಒಂದು ಸಾಲಿನ ಕೆಲಸ.
ಹುಡುಕಾಟವನ್ನು ಬದಿಗೆ ಸರಿಸಿದೆ.
ಚೀಟಿ ಅದಕ್ಕೆ ಕಾಯಬೇಕಿಲ್ಲ; ಅದು ತನ್ನ ಪಾಡಿಗೆ
ಕಾರವಾರ, ಮಂಗಳೂರು ಕೇಳಿಕೊಂಡು ಬರಲಿ.
ವರದಿಯಲ್ಲಿ ಬರೆದೆ: ಜಾಲದ ವಿಳಂಬ, ಸರಿಪಡಿಸಲಾಗಿದೆ.

ಸೋಮವಾರ ದುರ್ಗಯ್ಯ: "ಈಗ ಚಲೋ ಓಡ್ತದೆ, ಬಾಯೋರೇ."
ಬೇರೇನೂ ಅನ್ನಲಿಲ್ಲ. ಬಳಚಿನ ರೇಟು ಹೇಳಿದರು.
ಫೋನಿಟ್ಟು ಜಾಡು ನಿಲ್ಲಿಸಿದೆ. ಬಂದದ್ದನ್ನು ಅಳಿಸಲೇ ಎಂದು ಕೇಳಿತು;
ಹೌದು ಎಂದೆ.
ತದಡಿಯ ಗಡಿಯಾರ ಮಾತ್ರ
ಇನ್ನೂ ಆರು ನಿಮಿಷ ಮುಂದಿದೆ.